ಗೊಂಬೆಯ ಕೈಗೆ ಛಡಿ ಕೊಟ್ಟವರು ಯಾರು?

ನಮಸ್ಕಾರ. ವಿಜಯಪುರದಿಂದ ಮಾತನಾಡುತ್ತಿದ್ದೇನೆ. ಇವತ್ತಿನ ತಕರಾರು ಮಕ್ಕಳ ಟಿವಿಯ ಗೊಂಬೆಗಳದು.

ನಮ್ಮಲ್ಲಿ ಮಕ್ಕಳಿಗೆಂದು ಒಂದು ಗೊಂಬೆಯನ್ನು ಕ್ಯಾಮೆರಾ ಮುಂದೆ ತಂದರೆ ಸಾಕು, ಎರಡು ನಿಮಿಷ ಕಳೆಯುವುದರೊಳಗೆ ಅದು ಕೈ ತೊಳೆಯಿರಿ ಎನ್ನುತ್ತದೆ. ಆಮೇಲೆ ಗಿಡ ನೆಡಿ ಎನ್ನುತ್ತದೆ. ಕೊನೆಗೆ ಹಿರಿಯರಿಗೆ ಎದುರಾಡಬೇಡಿ ಎಂದು ಕೈಮುಗಿದು ಹೋಗುತ್ತದೆ. ಅಷ್ಟರಲ್ಲಿ ಮಕ್ಕಳು ಎದ್ದು ಹೋಗಿ ಬಹಳ ಹೊತ್ತಾಗಿರುತ್ತದೆ. ಕೈ ತೊಳೆಯುವುದಕ್ಕೆ ನನ್ನ ವಿರೋಧವೇನೂ ಇಲ್ಲ, ತೊಳೆಯಲಿ. ಆದರೆ ಟಿವಿಯ ಗೊಂಬೆ ಮಕ್ಕಳನ್ನು ಗೆದ್ದದ್ದು ತಂಟೆ ಮಾಡಿ. ಅದರ ಹುಟ್ಟಿನ ಚರಿತ್ರೆ ನೋಡಿದರೆ ಇದರಲ್ಲಿ ಸಂಶಯವೇ ಉಳಿಯುವುದಿಲ್ಲ.

1946ರ ಲಂಡನ್. ಯುದ್ಧದ ಕಾಲಕ್ಕೆ ಬಾಗಿಲು ಹಾಕಿದ್ದ ಬಿಬಿಸಿ ಟಿವಿ ಅದೇ ವರ್ಷ ಮತ್ತೆ ಶುರುವಾಗಿತ್ತು. ಆ್ಯನೆಟ್ ಮಿಲ್ಸ್ ಎಂಬ ಗಾಯಕಿ ಪಿಯಾನೋ ಮುಂದೆ ಕುಳಿತು ಹಾಡುತ್ತಿದ್ದರು. ಪಿಯಾನೋದ ಮೇಲೆ ದಾರ ಕಟ್ಟಿದ ಹೇಸರಗತ್ತೆಯೊಂದು ಕಾಲು ಬಡಿದು ಕುಣಿಯುತ್ತಿತ್ತು. ಅದರ ಹೆಸರು ಮಫಿನ್. ದಾರ ಆಡಿಸುತ್ತಿದ್ದ ಆ್ಯನ್ ಹೋಗಾರ್ತ್ ಮಾತ್ರ ಮರೆಯಲ್ಲಿರುತ್ತಿದ್ದರು. ಆಗಿನ ಟಿವಿ ಪರದೆ ಚಿಕ್ಕದು, ಚಿತ್ರ ಮಸುಕು, ಕಾರ್ಯಕ್ರಮ ನೇರ ಪ್ರಸಾರ, ಸ್ಟುಡಿಯೋಗಳಲ್ಲಿ ದುಡ್ಡಿಲ್ಲ. ಇಂಥ ಕಡೆ ಹತ್ತು ಜನರ ನಾಟಕ ಹಿಡಿಸುವುದಿಲ್ಲ. ಒಂದು ಗೊಂಬೆ, ಅದರ ಜೊತೆ ಒಬ್ಬ ಮನುಷ್ಯ ಇದ್ದರೆ ಪರದೆ ತುಂಬುತ್ತದೆ. ಬಡತನವೇ ಗೊಂಬೆಗೆ ದಾರಿ ಮಾಡಿಕೊಟ್ಟಿತು.

ಮರುವರ್ಷದ ಅಕ್ಟೋಬರ್‌ನಲ್ಲಿ ಅಮೆರಿಕದ ಶಿಕಾಗೋದಿಂದ ಬರ್ ಟಿಲ್‌ಸ್ಟ್ರಮ್ ಕೈಗೊಂಬೆಗಳ ಒಂದು ಪುಟ್ಟ ಸಂಸಾರವನ್ನೇ ಟಿವಿಗೆ ತಂದರು. ಗುಂಡು ಮೂಗಿನ, ಬೋಳುತಲೆಯ ಕುಕ್ಲಾ. ಒಂದೇ ಹಲ್ಲಿನ ಡ್ರ್ಯಾಗನ್ ಆಲಿ. ಗೊಂಬೆಗಳ ಹಿಂದೆ ಟಿಲ್‌ಸ್ಟ್ರಮ್ ಒಬ್ಬರೇ, ಎಲ್ಲ ದನಿಗಳೂ ಅವರವೇ. ಮುಂದೆ ನಿಂತು ಗೊಂಬೆಗಳ ಜೊತೆ ಮಾತಿಗಿಳಿಯುವವರು ಫ್ರಾನ್ ಆಲಿಸನ್. ಬರೆದುಕೊಂಡ ಸಂಭಾಷಣೆ ಇರಲಿಲ್ಲ. ಆಲಿ ಜಂಬ ಕೊಚ್ಚಿದರೆ ಫ್ರಾನ್ ಸಮಾಧಾನ ಮಾಡಬೇಕು, ಕುಕ್ಲಾ ಮುನಿಸಿಕೊಂಡರೆ ಕಾರಣ ಕೇಳಬೇಕು, ಎಲ್ಲವನ್ನೂ ನಿಂತಲ್ಲಿಯೇ ಹುಟ್ಟಿಸಬೇಕು.

ದೊಡ್ಡಾಟ ನೋಡಿದವರಿಗೆ ಈ ಜಾಗ ಪರಿಚಿತ. ವೇಷ ರಂಗಕ್ಕೆ ಬಂದ ಕೂಡಲೇ ಸಾರಥಿ ಎದುರು ನಿಂತು ತಾವು ಯಾರು, ಯಾವ ದೇಶದವರು, ಇಲ್ಲಿಗೆ ಬಂದ ಕಾರಣವೇನು ಎಂದು ಕೇಳುತ್ತಾನಲ್ಲ, ಫ್ರಾನ್ ಮಾಡಿದ್ದು ಆ ಸಾರಥಿಯ ಕೆಲಸವನ್ನೇ. ಸಾರಥಿ ನಂಬಿ ಕೇಳಿದಾಗ ಬಣ್ಣ ಬಳಿದುಕೊಂಡ ನಮ್ಮೂರಿನ ರೈತ ನಮ್ಮ ಕಣ್ಣೆದುರೇ ರಾವಣನಾಗುತ್ತಾನೆ. ಫ್ರಾನ್ ಆಲಿಯನ್ನು ನಂಬಿದರು, ಆದ್ದರಿಂದ ಮನೆಯಲ್ಲಿ ಕುಳಿತ ಮಗು ನಂಬಿತು. ಇವತ್ತು ನಮ್ಮ ಮಕ್ಕಳ ಕಾರ್ಯಕ್ರಮ ಮಾಡುವವರು ಮರೆತಿರುವುದು ಗೊಂಬೆಯನ್ನಲ್ಲ, ಈ ಸಾರಥಿಯನ್ನು. ಗೊಂಬೆಯ ಪಕ್ಕ ನಿಂತ ನಿರೂಪಕರು ಅದರ ಕಡೆ ತಿರುಗಿಯೂ ನೋಡದೆ ಕ್ಯಾಮೆರಾಕ್ಕೆ ನಗುತ್ತಿರುತ್ತಾರೆ!

ಅದೇ 1947ರ ಡಿಸೆಂಬರ್‌ನಲ್ಲಿ ಅಮೆರಿಕದ ಎನ್‌ಬಿಸಿ ವಾಹಿನಿಯಲ್ಲಿ ಹೌಡಿ ಡೂಡಿ ಎಂಬ ಗೊಂಬೆ ಹುಡುಗ ಬಂದ. ಗೊಂಬೆ ಮಾಡಿದ ಫ್ರ್ಯಾಂಕ್ ಪ್ಯಾರಿಸ್ ಅವರಿಗೂ ಕಾರ್ಯಕ್ರಮದವರಿಗೂ ಆಟಿಕೆ ಮಾರಾಟದ ಹಣದ ವಿಷಯಕ್ಕೆ ಜಗಳವಾಗಿ, 1948ರಲ್ಲಿ ಅವರು ಗೊಂಬೆಯನ್ನೇ ಎತ್ತಿಕೊಂಡು ನಡೆದುಬಿಟ್ಟರು. ನೇರ ಪ್ರಸಾರ, ನಾಯಕನೇ ಇಲ್ಲ. ಆಗ ಹೂಡಿದ ಉಪಾಯ ಕೇಳಿ: ಹೌಡಿ ಅಧ್ಯಕ್ಷ ಚುನಾವಣೆಗೆ ನಿಂತಿದ್ದಾನೆ, ಚಂದ ಕಾಣಲು ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡಿದ್ದಾನೆ ಎಂದು ಹೇಳಿ, ಮುಖಕ್ಕೆ ಬ್ಯಾಂಡೇಜ್ ಸುತ್ತಿದ ಬೇರೊಂದು ಗೊಂಬೆ ತಂದರು. ಬ್ಯಾಂಡೇಜ್ ಬಿಚ್ಚಿದಾಗ ಹೊಸ ಮುಖ, ಅದರ ಮೇಲೆ ಅಂದಿನ 48 ಅಮೆರಿಕನ್ ರಾಜ್ಯಗಳ ಲೆಕ್ಕಕ್ಕೆ 48 ಮಚ್ಚೆ. ಮಕ್ಕಳ ಗೊಂಬೆಯ ಹಿಂದೆ ಅಂಗಡಿಯ ಲೆಕ್ಕಾಚಾರ ಹೊಕ್ಕದ್ದು ನಿನ್ನೆ ಮೊನ್ನೆಯ ಮಾತಲ್ಲ.

ನನಗೆ ಇವರೆಲ್ಲರಿಗಿಂತ ಇಷ್ಟವಾದವನು ಸೂಟಿ. ಇಂಗ್ಲೆಂಡಿನ ಹ್ಯಾರಿ ಕಾರ್ಬೆಟ್ 1948ರಲ್ಲಿ ಬ್ಲ್ಯಾಕ್‌ಪೂಲ್ ಎಂಬ ಸಮುದ್ರತೀರದ ಊರಿಗೆ ರಜೆಗೆ ಹೋದಾಗ ಹಳದಿ ಕರಡಿಯ ಕೈಗೊಂಬೆಯೊಂದನ್ನು ಕೊಂಡರು. 1952ರಲ್ಲಿ ಅದು ಟಿವಿಗೆ ಬಂತು. ಕಪ್ಪು-ಬಿಳುಪು ಪರದೆಯಲ್ಲಿ ಎದ್ದು ಕಾಣಲಿ ಎಂದು ಅದರ ಕಿವಿಗೂ ಮೂಗಿಗೂ ಮಸಿ ಬಳಿದರು, ಮಸಿಗೆ ಇಂಗ್ಲಿಷಿನಲ್ಲಿ ‘ಸೂಟ್’ ಎನ್ನುವುದರಿಂದ ಅದಕ್ಕೆ ಆ ಹೆಸರೂ ಬಂತು. ಸೂಟಿ ಬಾಯಿಬಿಟ್ಟು ಮಾತನಾಡುವುದಿಲ್ಲ. ಕಾರ್ಬೆಟ್ಟರ ಕಿವಿಯಲ್ಲಿ ಏನೋ ಪಿಸುಗುಟ್ಟುತ್ತಾನೆ. ಅವರು ಅದನ್ನು ಜೋರಾಗಿ ಹೇಳಿ, ಬೇಡಪ್ಪ ಎಂದು ಗದರುತ್ತಾರೆ. ಸೂಟಿ ಒಂದು ಕ್ಷಣ ಸುಮ್ಮನಿದ್ದು ನೀರಿನ ಪಿಸ್ತೂಲು ತೆಗೆದು ಅವರ ಮುಖಕ್ಕೇ ಹೊಡೆಯುತ್ತಾನೆ. ಸೂಟುಬೂಟಿನ ದೊಡ್ಡ ಮನುಷ್ಯ ತೊಯ್ದು ತೊಪ್ಪೆಯಾಗುತ್ತಾನೆ. ಅಂಗೈಯಗಲದ ಪ್ರಾಣಿಯೊಂದು ದೊಡ್ಡವರ ಮುಖಕ್ಕೆ ನೀರು ಹೊಡೆದು ದಕ್ಕಿಸಿಕೊಳ್ಳುವುದನ್ನು ಯಾವ ಮಗು ತಾನೇ ಬಿಟ್ಟೆದ್ದು ಹೋದೀತು?

ಜಿಮ್ ಹೆನ್ಸನ್ ಕೆಲಸ ಬೇರೆ ಬಗೆಯದು. 1955ರ ಮೇ ತಿಂಗಳಲ್ಲಿ ಅಮೆರಿಕದ ವಾಷಿಂಗ್ಟನ್‌ನ ಟಿವಿ ಕೇಂದ್ರವೊಂದರಲ್ಲಿ ಗೊಂಬೆಯಾಟ ಶುರುಮಾಡಿದಾಗ ಆತ ಇನ್ನೂ ಕಾಲೇಜು ಹುಡುಗ. ತಾಯಿಯ ಹಳೆಯ ಕೋಟು ಕತ್ತರಿಸಿ ಗೊಂಬೆಗೆ ಮೈ ಮಾಡಿದ, ಪಿಂಗ್‌ಪಾಂಗ್ ಚೆಂಡು ಹೋಳು ಮಾಡಿ ಕಣ್ಣು ಮಾಡಿದ. ಆ ಗೊಂಬೆಯೇ ಮುಂದೆ ಕಪ್ಪೆಯೆಂದು ಹೆಸರಾದ ಕರ್ಮಿಟ್, ಆಗಿನ್ನೂ ಕಪ್ಪೆಯೂ ಆಗಿರಲಿಲ್ಲ. ಅಲ್ಲಿಯವರೆಗೆ ಬಹುಪಾಲು ಕೈಗೊಂಬೆಯವರು ಒಂದು ಪುಟ್ಟ ರಂಗಮಂಟಪ ಕಟ್ಟಿ ಅದಕ್ಕೆ ಕ್ಯಾಮೆರಾ ಹಿಡಿಯುತ್ತಿದ್ದರು. ಹೆನ್ಸನ್ ಮಂಟಪವನ್ನೇ ಕಿತ್ತೆಸೆದರು. ಟಿವಿಯ ನಾಲ್ಕು ಅಂಚೇ ಮಂಟಪ. ಆಡಿಸುವವರು ಕೆಳಗೆ ಕುಳಿತು, ಕೈ ಮೇಲೆತ್ತಿ, ಮನೆಯ ಪ್ರೇಕ್ಷಕರು ನೋಡುವ ಚಿತ್ರವನ್ನೇ ಮಾನಿಟರ್‌ನಲ್ಲಿ ನೋಡುತ್ತ ಆಡಿಸಬೇಕು. ಗೊಂಬೆಯ ದೃಷ್ಟಿ ಕೂದಲೆಳೆಯಷ್ಟು ತಪ್ಪಿದರೂ ಅವರಿಗೆ ಅಲ್ಲೇ ಗೊತ್ತಾಗುತ್ತದೆ.

ಈ ಹೆನ್ಸನ್ ಅವರೇ ಮುಂದೆ ‘ಸೆಸಮೆ ಸ್ಟ್ರೀಟ್’ ಎಂಬ ಅಮೆರಿಕದ ಮಕ್ಕಳ ಟಿವಿ ಕಾರ್ಯಕ್ರಮಕ್ಕೆ ಗೊಂಬೆ ಕೊಟ್ಟರು. ನನ್ನ ತಕರಾರಿಗೆ ಪುರಾವೆ ಇರುವುದು ಇಲ್ಲಿಯೇ. 1969ರ ಜುಲೈಯಲ್ಲಿ ಐದು ಪ್ರಯೋಗದ ಕಂತುಗಳನ್ನು ಫಿಲಡೆಲ್ಫಿಯಾದಲ್ಲಿ ಮಕ್ಕಳಿಗೆ ತೋರಿಸಿದರು. ಕಲ್ಪನೆಯನ್ನೂ ನಿಜವನ್ನೂ ಬೆರೆಸಿದರೆ ಮಕ್ಕಳಿಗೆ ಗೊಂದಲವಾಗುತ್ತದೆ ಎಂದು ಮನಶ್ಶಾಸ್ತ್ರಜ್ಞರು ಎಚ್ಚರಿಸಿದ್ದರಿಂದ, ಬೀದಿಯ ದೃಶ್ಯಗಳಲ್ಲಿ ಬರೀ ಮನುಷ್ಯರಿದ್ದರು. ಬೀದಿ ಬಂದಾಗಲೆಲ್ಲ ಮಕ್ಕಳು ಅತ್ತಿತ್ತ ನೋಡತೊಡಗಿದರು. ತಜ್ಞರ ಮಾತನ್ನು ಪಕ್ಕಕ್ಕಿಟ್ಟು, ಹೆನ್ಸನ್ ಬೀದಿಗೇ ಇಬ್ಬರನ್ನು ತಂದು ಬಿಟ್ಟರು: ಏನೂ ಗೊತ್ತಾಗದೆ ಎಲ್ಲದರಲ್ಲೂ ಎಡವುವ ದೊಡ್ಡ ಹಕ್ಕಿ, ಕಸದ ಡಬ್ಬಿಯೊಳಗಿಂದ ತಲೆ ಹೊರಹಾಕಿ ಎಲ್ಲರ ಮೇಲೆ ರೇಗುವ ಆಸ್ಕರ್. ಇಬ್ಬರಲ್ಲಿ ಒಬ್ಬನೂ ಮಾಸ್ತರನಲ್ಲ. ಒಬ್ಬ ದಡ್ಡ, ಇನ್ನೊಬ್ಬ ಸಿಡುಕ. ಅಕ್ಷರ, ಅಂಕಿ ಕಲಿಸಲೆಂದೇ ಹುಟ್ಟಿದ ಕಾರ್ಯಕ್ರಮ ಇವರಿಬ್ಬರ ಬೆನ್ನೇರಿ ದಡ ಸೇರಿತು.

ಹಾಗಾದರೆ ನಮ್ಮ ಕಡೆ ಗೊಂಬೆಯ ಕೈಗೆ ಮಾಸ್ತರರ ಛಡಿ ಬಂದದ್ದು ಎಲ್ಲಿಂದ? ನನ್ನ ಪ್ರಕಾರ, ಟಿವಿ ನಮ್ಮ ಹಳ್ಳಿಗಳಿಗೆ ಕಾಲಿಟ್ಟದ್ದೇ ಮಾಸ್ತರನಾಗಿ. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಉಪಗ್ರಹ ಟಿವಿ ಪ್ರಯೋಗ ಶುರುವಾಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಅಮೆರಿಕದ ಉಪಗ್ರಹದಿಂದ ನೇರವಾಗಿ ಕಾರ್ಯಕ್ರಮ ಬರುತ್ತಿತ್ತು. ಕರ್ನಾಟಕದಲ್ಲಿ ಆರಿಸಿದ್ದು ಗುಲ್ಬರ್ಗ, ರಾಯಚೂರು ಮತ್ತು ನಮ್ಮ ಬಿಜಾಪುರ ಜಿಲ್ಲೆಗಳನ್ನು. ಇಂದಿನ ಬಾಗಲಕೋಟೆಯೂ ಆಗ ಬಿಜಾಪುರದೊಳಗೇ ಇತ್ತು. ಬೆಂಗಳೂರಿನಲ್ಲಿ ದೂರದರ್ಶನ ಕೇಂದ್ರ ಶುರುವಾದದ್ದು 1981ರಲ್ಲಿ. ಅದಕ್ಕೆ ಆರು ವರ್ಷ ಮೊದಲೇ ಜಾಲರಿ ತಂತಿಯ ದೊಡ್ಡ ಬುಟ್ಟಿಯಂಥ ಆಂಟೆನಾ ಹಾಕಿಕೊಂಡು ನಮ್ಮ ಹಳ್ಳಿಯ ಮಕ್ಕಳು ಟಿವಿ ನೋಡಿದರು. ಹೆಮ್ಮೆಯ ವಿಷಯವೇ. ಆದರೆ ಬೆಳಿಗ್ಗೆ ಬರುತ್ತಿದ್ದದ್ದು ಶಾಲೆಯ ಮಕ್ಕಳಿಗೆ ಪಾಠ, ಸಂಜೆ ಬರುತ್ತಿದ್ದದ್ದು ದೊಡ್ಡವರಿಗೆ ಕೃಷಿ, ಆರೋಗ್ಯ, ಕುಟುಂಬ ಯೋಜನೆ. ಒಂದೇ ವರ್ಷಕ್ಕೆ ಪ್ರಯೋಗ ಮುಗಿಯಿತು. ಟಿವಿ ಎಂದರೆ ಬುದ್ಧಿ ಹೇಳುವ ಪೆಟ್ಟಿಗೆ ಎಂಬ ಎಣಿಕೆ ಮಾತ್ರ ಉಳಿದುಕೊಂಡಿತು.

ನಮ್ಮವರ ಟಿವಿ ನೆನಪಿನಲ್ಲಿ ಗಟ್ಟಿಯಾಗಿ ಕುಳಿತಿರುವ ಗೊಂಬೆ ಯಾವುದು, ಕೇಳಿ ನೋಡಿ. ಲಿಜ್ಜತ್ ಹಪ್ಪಳದ ಮೊಲ ಎನ್ನುತ್ತಾರೆ! ಅದನ್ನು ಮಾಡಿದವರು ಮುಂಬೈನ ರಾಮದಾಸ್ ಪಾಧ್ಯೆ. ಆ ಮೊಲ ಯಾರಿಗೂ ಬುದ್ಧಿ ಹೇಳಲಿಲ್ಲ, ಹಪ್ಪಳ ತಿಂದು ಕಿಲಕಿಲ ನಕ್ಕಿತು.

ಮತ್ತೆ, ತಂಟೆಕೋರ ಗೊಂಬೆಯನ್ನು ನಾವು ಶಿಕಾಗೋದಿಂದ ತರಿಸಿಕೊಳ್ಳಬೇಕಾಗಿಯೂ ಇಲ್ಲ. ತೊಗಲುಗೊಂಬೆಯಾಟದಲ್ಲಿ ಕಿಳ್ಳೇಕ್ಯಾತ ಇದ್ದಾನೆ. ಕಪ್ಪು ಮೈ, ದಪ್ಪ ತುಟಿ, ಕೆದರಿದ ಕೂದಲು, ಮುಂದೆ ಬಂದ ಹೊಟ್ಟೆ. ಜೊತೆಗೆ ಅವನಿಗೇನೂ ಕಡಿಮೆಯಿಲ್ಲದ ಹೆಂಡತಿ ಬಂಗಾರಕ್ಕ. ಪರದೆಯ ಮೇಲೆ ರಾಮಾಯಣ ನಡೆಯುವಾಗ ನಡುವೆ ನುಗ್ಗಿ ದೇವರನ್ನೂ ಗೌಡರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಾನೆ. ಮಳೆ ಕೈಕೊಟ್ಟ ವರ್ಷ ಮಳೆಗಾಗಿ ಈ ಆಟ ಆಡಿಸುವ ವಾಡಿಕೆಯಿದೆ. ಅಂಥ ಗಂಭೀರ ಹೊತ್ತಿನಲ್ಲೂ ಇವನ ಬಾಯಿಗೆ ಬೀಗವಿಲ್ಲ. ಈ ಕಲೆಯನ್ನು ಹಿಡಿದುಕೊಂಡು ಬಂದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು. ಶಾಲು ಹೊದಿಸಿ ಫೋಟೋ ತೆಗೆಸಿಕೊಂಡವರ ಸಾಲು ಉದ್ದವಾಗಿತ್ತು. ಕಿಳ್ಳೇಕ್ಯಾತನಿಗೆ ವಾರಕ್ಕೆ ಅರ್ಧ ಗಂಟೆ ಕೊಡುತ್ತೇವೆ ಎಂದ ವಾಹಿನಿಯನ್ನು ಮಾತ್ರ ನಾನು ಕಾಣಲಿಲ್ಲ.

ಅವನ ಮಾತು ಮಕ್ಕಳ ಮುಂದೆ ಆಡುವಂಥದ್ದಲ್ಲ ಎಂದು ನೀವು ಹೇಳಬಹುದು. ನಿಜ, ಅವನ ಕೆಲವು ಮಾತು ರಾತ್ರಿ ಆಟದ ದೊಡ್ಡವರಿಗಷ್ಟೇ ಸೈ. ಅವನ್ನು ಬಿಡೋಣ. ಹೊಟ್ಟೆಬಾಕತನ, ಸುಳ್ಳು, ಹೆಂಡತಿಯೊಡನೆ ಜಗಳ, ದೊಡ್ಡವರಿಗೆ ಅಡ್ಡಪ್ರಶ್ನೆ, ಇಷ್ಟು ಉಳಿದರೂ ವರ್ಷಗಟ್ಟಲೆ ನಡೆಸಬಹುದು. ಖರ್ಚೂ ಹೆಚ್ಚಲ್ಲ. ಒಂದು ಬಿಳಿ ಪರದೆ, ಹಿಂದೆ ಒಂದು ದೀಪ, ಗೊಂಬೆ ಆಡಿಸಿ ಬಲ್ಲ ಒಂದು ಮನೆತನ, ಮುಂದೆ ಅವನ ಮಾತಿಗೆ ಮಾತು ಕೊಡಬಲ್ಲ ಒಬ್ಬ ಸಾರಥಿ. ಕಂಪನಿ ನಾಟಕದ ಒಬ್ಬ ಹಾಸ್ಯನಟ ಈ ಕೆಲಸಕ್ಕೆ ಸಾಕು. ಬಾದಾಮಿಯ ಬನಶಂಕರಿ ಜಾತ್ರೆಗೆ ಹೋದರೆ ಸಿಗುತ್ತಾರೆ. ಆಡಿಸುವ ಮನೆತನಕ್ಕೆ ಕಲಾವಿದರ ಸಂಬಳ ಕೊಡಿ, ಸನ್ಮಾನದ ಹಾರ ಬೇಡ. ಮತ್ತು ದಯವಿಟ್ಟು, ಮೊದಲ ಕಂತಿನಲ್ಲೇ ಕಿಳ್ಳೇಕ್ಯಾತನ ಕೈಯಲ್ಲಿ ಸಾಬೂನು ಹಿಡಿಸಬೇಡಿ.