ಹಡಗು ನಿಲ್ಲೋದು ಒಂದೇ ಹಗಲು: ವಿಲ್‌ಫ್ರಾಂಶ್‌ನಲ್ಲಿ ಇಳಿದರೆ ಊರಲ್ಲೇ ಇರಿ

[ದೃಶ್ಯ: ಹಡಗಿನ ಡೆಕ್ ಮೇಲಿಂದ ಕೊಲ್ಲಿ. ಇಳಿಜಾರಿನಲ್ಲಿ ಹಳದಿ, ಕಾವಿ, ಗುಲಾಬಿ ಬಣ್ಣದ ಮನೆಗಳು.]

ನಮಸ್ಕಾರ. ಬೆಳಿಗ್ಗೆ 8 ಗಂಟೆ, ಹಡಗು ಲಂಗರು ಹಾಕಿದೆ. ಎದುರಿಗೆ ಕಾಣುತ್ತಿರುವುದು ದಕ್ಷಿಣ ಫ್ರಾನ್ಸಿನ ವಿಲ್‌ಫ್ರಾಂಶ್-ಸುರ್-ಮೆರ್. ನೀಸ್ ನಗರದ ಪಕ್ಕದ ಪುಟ್ಟ ಊರು.

ಕ್ರೂಸ್‌ನಲ್ಲಿ ಇಲ್ಲಿಗೆ ಬಂದವರು ಇಳಿದ ಕೂಡಲೇ ಮಾಡುವ ಕೆಲಸ ಒಂದೇ, ಹತ್ತಿರದ ಪುಟ್ಟ ದೇಶ ಮೊನಾಕೊಗೆ ಓಡುವುದು. ಮೊದಲ ಸಲ ನಾನೂ ಓಡಿದ್ದೆ. ವಾಪಸ್ ಬರಬೇಕಿದ್ದ ರೈಲು ರದ್ದಾಯಿತು. ಪ್ಲಾಟ್‌ಫಾರ್ಮ್ ಮೇಲೆ ನಿಂತು ಗಡಿಯಾರ ನೋಡಿದ್ದೇ ನನ್ನ ಮೊನಾಕೊ. ಎರಡನೇ ಸಲ ಈ ಊರು ಬಿಟ್ಟು ಕದಲಲಿಲ್ಲ.

ಸರಳ ಲೆಕ್ಕ ಹಾಕೋಣ. ಇಲ್ಲಿ ದೊಡ್ಡ ಹಡಗು ದಡಕ್ಕೆ ಬರುವುದಿಲ್ಲ, ಕೊಲ್ಲಿಯ ಮಧ್ಯೆಯೇ ನಿಲ್ಲುತ್ತದೆ. ಅಲ್ಲಿಂದ ಟೆಂಡರ್ ಎನ್ನುವ ಸಣ್ಣ ಬೋಟಿನಲ್ಲಿ ಹೋಗಬೇಕು. ಅದಕ್ಕೆ ಟೋಕನ್, ಅದಕ್ಕೊಂದು ಸಾಲು. ಕಾಲು ನೆಲಕ್ಕೆ ತಾಗುವಾಗ ಒಂಬತ್ತೂವರೆ. ಕೊನೆಯ ಟೆಂಡರ್ ಐದಕ್ಕೆ ಅಂದರೆ ನಾಲ್ಕಕ್ಕೇ ಸಾಲಿನಲ್ಲಿ ನಿಂತಿರಬೇಕು. ಕೈಯಲ್ಲಿ ಉಳಿದದ್ದು ಆರೂವರೆ ಗಂಟೆ. ನೀಸ್‌ಗೆ ರೈಲಿನಲ್ಲಿ ಹತ್ತು ನಿಮಿಷವೂ ಬೇಡ, ನಿಜ. ಆದರೆ ಸ್ಟೇಷನ್‌ಗೆ ನಡೆಯೋದು, ಟಿಕೆಟ್, ಕಾಯೋದು, ಮತ್ತೆ ವಾಪಸ್... ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯೋದಿಲ್ಲ ಅಲ್ವಾ?

[ದೃಶ್ಯ: ಟೆಂಡರ್ ದಡ ಮುಟ್ಟುತ್ತಿದೆ. ಮೀನುಗಾರರ ದೋಣಿಗಳು.]

ಬೋಟಿನಿಂದ ಇಳಿದು ದಡದಲ್ಲೇ ಸ್ವಲ್ಪ ನಡೆದರೆ ಸಂತ ಪೀಟರ್ ಚಾಪೆಲ್, ಅಂದರೆ ಪುಟ್ಟ ಚರ್ಚು, ಸಿಗುತ್ತದೆ. ನಮ್ಮೂರಿನ ಗುಡಿಯಷ್ಟೇ ಸಣ್ಣದು. ಒಂದು ಕಾಲದಲ್ಲಿ ಮೀನುಗಾರರು ಇಲ್ಲಿ ಬಲೆ ತುಂಬಿಡುತ್ತಿದ್ದರು. ಫ್ರಾನ್ಸಿನ ಕವಿ, ಕಲಾವಿದ ಝಾಂ ಕೊಕ್ತೊ 1920ರ ದಶಕದಲ್ಲಿ ಇದರ ಹತ್ತಿರದ ಹೋಟೆಲಿನಲ್ಲಿ ಇರುತ್ತಿದ್ದ. ಊರು ಅವನಿಗೆ ಹಿಡಿಸಿಬಿಟ್ಟಿತ್ತು. ಕೊನೆಗೆ 1957ರಲ್ಲಿ ಈ ಚಾಪೆಲ್ಲಿನ ಗೋಡೆ, ಚಾವಣಿಗಳಿಗೆಲ್ಲ ಚಿತ್ರ ಬರೆದು ಮುಗಿಸಿದ. ಬಣ್ಣ ಕಡಿಮೆ, ಗೆರೆ ಜಾಸ್ತಿ. ಏಸುವಿನ ಶಿಷ್ಯ ಪೀಟರ್ ನೀರಿನ ಮೇಲೆ ನಡೆಯುವ ಚಿತ್ರದ ಮುಂದೆ ಸ್ವಲ್ಪ ನಿಲ್ಲಿ. ಅವನನ್ನು ದೇವದೂತ ಹಿಡಿದುಕೊಂಡಿದ್ದಾನೆ. ಪಕ್ಕದ ಗೋಡೆಗಳಲ್ಲಿ ಇದೇ ಊರಿನ ಮೀನುಗಾರ ಹೆಂಗಸರೂ ಇದ್ದಾರೆ. ಒಳಗೆ ಹೋಗಲು ಸಣ್ಣ ಶುಲ್ಕ ಇದೆ, ವಾರದಲ್ಲಿ ರಜೆಯೂ ಇರುತ್ತದೆ. ಹೊರಡುವ ಮೊದಲೇ ವಿಚಾರಿಸಿಕೊಳ್ಳಿ.

[ದೃಶ್ಯ: ಬಿಸಿಲಿನ ಓಣಿಯಿಂದ ಕ್ಯಾಮೆರಾ ಕತ್ತಲೆಯೊಳಗೆ ಹೋಗುತ್ತದೆ.]

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ. ರ್ಯು ಓಬ್ಸ್ಕ್ಯೂರ್, ಅಂದರೆ ಕತ್ತಲೆ ಬೀದಿ. ಸುಮಾರು 130 ಮೀಟರ್ ಉದ್ದ, 13ನೇ ಶತಮಾನದ್ದು. ಊರಿನ ಹಳೇ ಕೋಟೆಗೋಡೆಗೆ ಅಂಟಿಕೊಂಡಿದ್ದ ದಾರಿ ಇದು. ಕಾಲ ಕಳೆದಂತೆ ಜನ ಅದರ ಮೇಲೆಯೇ ಮನೆ ಕಟ್ಟಿಕೊಂಡರು, ದಾರಿ ಕೆಳಗೆ ಉಳಿಯಿತು. ಹೊರಗೆ ಜುಲೈ ಬಿಸಿಲು, ಒಳಗೆ ಕಾಲಿಟ್ಟರೆ ಹಳೇ ಮನೆಯ ನಡುಮನೆಯ ತಂಪು. ಕಲ್ಲಿನ ಕಮಾನು, ತಲೆಯ ಮೇಲೆ ಮರದ ತೊಲೆ, ಅಲ್ಲೊಂದು ಇಲ್ಲೊಂದು ದೀಪ. ಮಧ್ಯೆ ಒಂದು ಕಂಡಿಯಿಂದ ಬಿಸಿಲು ಕೋಲಿನ ಹಾಗೆ ಇಳಿಯುತ್ತದೆ. ಯುದ್ಧ ಬಂದಾಗಲೆಲ್ಲ ಊರಿನವರು ಬಂದು ಸೇರುತ್ತಿದ್ದುದು ಇಲ್ಲಿಗೇ, ಎರಡನೇ ಮಹಾಯುದ್ಧದಲ್ಲೂ. ಈಗಲೂ ಇಲ್ಲಿ ಮನೆಬಾಗಿಲುಗಳಿವೆ. ಸ್ವಲ್ಪ ಮೆಲ್ಲಗೆ ಮಾತಾಡಿ.

ಊರಿನ ಹೆಸರಿಗೂ ಒಂದು ಕಥೆ ಇದೆ. ಕಡಲ್ಗಳ್ಳರಿಗೆ ಹೆದರಿ ಜನ ಬೆಟ್ಟ ಹತ್ತಿ ಕೂತಿದ್ದರು. 1295ರಲ್ಲಿ ಆಂಜೂ ಮನೆತನದ ದೊರೆ ಎರಡನೇ ಚಾರ್ಲ್ಸ್, ಕೆಳಗೆ ಬಂದು ನೆಲೆಸಿದರೆ ತೆರಿಗೆ ಇಲ್ಲ ಅಂದ. ವಿಲ್‌ಫ್ರಾಂಶ್ ಅಂದರೆ ತೆರಿಗೆಯಿಲ್ಲದ, ಮುಕ್ತ ಊರು. ಜನ ಇಳಿದು ಬಂದರು. ಬರದೆ ಇರ್ತಾರಾ!

ಬಂದರಿನ ಮೇಲೆ ಕಾಣುವುದು ಸಂತ ಎಲ್ಮೋ ಕೋಟೆ. 1543ರಲ್ಲಿ ಫ್ರೆಂಚರೂ ಆಟೊಮನ್ ತುರ್ಕರೂ ಜೊತೆಗೂಡಿ ನೀಸ್‌ಗೆ ಮುತ್ತಿಗೆ ಹಾಕಿದ್ದರು. ಆಗ ಈ ಕಡೆಯೆಲ್ಲ ಸವೊಯ್ ಸಂಸ್ಥಾನದ ಡ್ಯೂಕನದ್ದು. ಪೆಟ್ಟು ತಿಂದ ಮೇಲೆ ಆ ಡ್ಯೂಕ್ ಕಟ್ಟಿಸಿದ ಕೋಟೆ ಇದು. ಈಗ ಒಳಗೆ ಪುರಸಭೆ ಕಚೇರಿ ಇದೆ. ತೋಟದಲ್ಲಿ ಸುಮ್ನೆ ಒಂದು ಸುತ್ತು ಹಾಕಿ, ಸಾಕು.

[ದೃಶ್ಯ: ಅಗಲವಾದ ತಾಮ್ರದ ತಟ್ಟೆ ಒಲೆಯಿಂದ ಹೊರಬರುತ್ತಿದೆ.]

ಹೊಟ್ಟೆಗೆ? ಸೊಕ್ಕಾ. ಕಡಲೆ ಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ಅಗಲವಾದ ತಾಮ್ರದ ತಟ್ಟೆಯಲ್ಲಿ ತೆಳ್ಳಗೆ ಹುಯ್ದು, ಉರಿಯುವ ಒಲೆಯೊಳಗೆ ತಳ್ಳುತ್ತಾರೆ. ಅಂಚು ಕಪ್ಪಗೆ ಗರಿಗರಿ, ಮಧ್ಯೆ ಮೆತ್ತಗೆ. ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ ಕಾಗದದಲ್ಲಿ ಕೊಡುತ್ತಾರೆ. ಇದು ನೀಸ್ ಸುತ್ತಮುತ್ತಲಿನ ತಿಂಡಿ. ಬಿಸಿ ಇದ್ದಾಗಲೇ ತಿನ್ನಬೇಕು.

ಸಸ್ಯಾಹಾರಿಗಳಿಗೆ ಒಂದು ಎಚ್ಚರಿಕೆ. ಪಿಸ್ಸಲಾದಿಯೆರ್ ಅಂತ ಒಂದಿದೆ, ನೋಡೋಕೆ ಈರುಳ್ಳಿ ಹಾಕಿದ ರೊಟ್ಟಿ. ಅದರಲ್ಲಿ ಆಂಚೊವಿ ಮೀನು ಇರುತ್ತದೆ. ಪಾನ್ ಬಾನ್ಯಾ ಎನ್ನುವ ಬನ್ನಿನಲ್ಲೂ ಟ್ಯೂನಾ ಇರುತ್ತದೆ. ಇನ್ನು ಹೋಟೆಲಿನಲ್ಲಿ ಕೂತು ಊಟ ಮಾಡುವುದಾದರೆ ಎರಡು ಗಂಟೆಯೊಳಗೆ ಹೋಗಿ. ಆಮೇಲೆ ಎಷ್ಟೋ ಕಡೆ ಅಡುಗೆಮನೆ ಮುಚ್ಚುತ್ತಾರೆ.

ಊಟ ಆದ ಮೇಲೆ ಮರಿನಿಯೆರ್ ಬೀಚ್. ರೈಲ್ವೆ ಸ್ಟೇಷನ್ ಬುಡದಲ್ಲೇ ಇದೆ. ಮರಳು ದಪ್ಪ, ಕಾಲಿಗೆ ಚುಚ್ಚುತ್ತದೆ, ಚಪ್ಪಲಿ ಇರಲಿ. ಕೊಲ್ಲಿ ಮೂರು ಕಡೆ ಬೆಟ್ಟದಿಂದ ಮುಚ್ಚಿರುವುದರಿಂದ ಅಲೆ ಅಷ್ಟಾಗಿ ಇರುವುದಿಲ್ಲ.

[ಪರದೆ ಮೇಲೆ: ಹೊರಡುವ ಮುನ್ನ]

ಮೂರು ಮಾತು, ಬೇಗ ಹೇಳಿಬಿಡ್ತೀನಿ. ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ, ಮಾಡಿಸುವಾಗ ನಿಮ್ಮ ಹಡಗಿನ ದಾರಿ ನೋಡಿ. ಮಧ್ಯೆ ಷೆಂಗೆನ್‌ಗೆ ಸೇರದ ಟರ್ಕಿಯೋ ಟುನೀಷಿಯಾವೋ ಬಂದರೆ, ಒಂದೇ ಸಲ ಒಳಗೆ ಬಿಡುವ ವೀಸಾ ಸಾಲದು. ಫೋನನ್ನು ಹಡಗಿನಲ್ಲಿ ಏರೋಪ್ಲೇನ್ ಮೋಡ್‌ನಲ್ಲಿಡಿ, ಹಡಗಿನ ನೆಟ್‌ವರ್ಕ್ ಹಿಡಿದರೆ ಬಿಲ್ ನೋಡಿ ಎದೆ ಒಡೆಯುತ್ತದೆ. ಮತ್ತೆ ಹಡಗಿನ ಸಮಯ, ಊರಿನ ಸಮಯ ಎರಡೂ ಒಂದೇನಾ ಅಂತ ಇಳಿಯುವಾಗಲೇ ಕೇಳಿ. ಸ್ವಂತವಾಗಿ ಸುತ್ತಲು ಹೋದವರಿಗೆ ಹಡಗು ಕಾಯುವುದಿಲ್ಲ. ತಪ್ಪಿದರೆ ಮುಂದಿನ ಬಂದರಿಗೆ ನಿಮ್ಮ ಖರ್ಚಿನಲ್ಲೇ ಹೋಗಬೇಕು.

[ದೃಶ್ಯ: ಟೆಂಡರ್ ಸಾಲು, ಸಂಜೆ ಬಿಸಿಲು.]

ನಾಲ್ಕು ಗಂಟೆಗೆ ಸಾಲಿನಲ್ಲಿ ನಿಂತಿದ್ದೆ. ಹಿಂದೆ ಕನ್ನಡ ಕೇಳಿಸಿತು. ಮೈಸೂರು ಕಡೆಯ ಆಂಟಿ, ಮೊನಾಕೊದಿಂದ ಓಡಿ ಬಂದು ಏದುಸಿರು ಬಿಡುತ್ತಿದ್ದರು. "ಇಲ್ಲೇ ಇದ್ರಾ? ಇಲ್ಲೇನಿದೆ ನೋಡೋಕೆ?" ಅಂದರು. ನನ್ನ ಕೈಯಲ್ಲಿ ಅರ್ಧ ಸೊಕ್ಕಾ ಉಳಿದಿತ್ತು, ಆರಿತ್ತು ಬೇರೆ. ಮುರಿದು ಕೊಟ್ಟೆ. ಅಗಿದು, ಒಂದು ಕ್ಷಣ ಯೋಚನೆ ಮಾಡಿ, "ಇದಕ್ಕೆ ಎರಡು ಹಸಿಮೆಣಸಿನಕಾಯಿ ಹೆಚ್ಚಿ ಹಾಕಬೇಕಿತ್ತು ಕಣಪ್ಪ" ಅಂದರು. ಅಷ್ಟರಲ್ಲಿ ಬೋಟ್ ಬಂತು.