ಹಲ್ಲು ಕೀಳ್ಸಿದ ಮೇಲೆ ಉಗುಳ್ಬೇಡಿ

ಎಲ್ರಿಗೂ ನಮಸ್ಕಾರ. ನಾನು ದಾವಣಗೆರೇಲಿ ಹಲ್ಲಿನ ಡಾಕ್ಟ್ರು. ಇವತ್ತು ಹಲ್ಲು ಕೀಳ್ಸಿ ಮನೆಗೆ ಹೋದ ಮೇಲೆ ಆಗೋ ತೊಂದ್ರೆ ಬಗ್ಗೆ ಮಾತಾಡ್ತೀನಿ, ಯಾಕಂದ್ರೆ ಕೀಳೋವಾಗ ಬೇರು ಮುರಿದ್ರೂ ಏನಾದ್ರೂ ನೋಡ್ಕೊಳ್ಳೋಕೆ ನಾವು ಪಕ್ಕದಲ್ಲೇ ಇರ್ತೀವಿ, ರಾತ್ರಿ ಹತ್ತು ಗಂಟೆಗೆ ಬಾಯ್ತುಂಬ ರಕ್ತ ಬಂದ್ರೆ ಮನೇಲಿ ನೀವೇ ಇರೋದು.

ಅಡಿಕೆ ಕೊಯ್ಲಿನ ಟೈಮಲ್ಲಿ ಚನ್ನಗಿರಿ ಕಡೆ ಯಜಮಾನ್ರೊಬ್ರು ಕೆಳಗಿನ ದವಡೆ ಹಲ್ಲು ಕೀಳ್ಸಿಕೊಂಡು ಹೋದ್ರು, ಮೂರನೇ ದಿನ ಕೆನ್ನೆ ಹಿಡ್ಕೊಂಡು ವಾಪಸ್. "ಅವತ್ತು ಇಲ್ದಿದ್ ನೋವು ಈಗ ಕಿವಿವರೆಗೂ ಹೊಡೀತೈತ್ರಿ ಮೇಡಂ" ಅಂದ್ರು. ನೋಡಿದ್ರೆ ಗುಳಿ ಖಾಲಿ, ಒಳಗೆ ಮೂಳೆ ಕಾಣ್ತಿದೆ. ಬಸ್ಸಲ್ಲಿ ಊರು ಮುಟ್ಟೋವರೆಗೂ ಉಗುಳ್ತಾನೇ ಹೋಗಿದ್ರಂತೆ, ಸಂಜೆಗೆ ಬೀಡಿ ಬೇರೆ. ಇದಕ್ಕೆ ಡ್ರೈ ಸಾಕೆಟ್ ಅಂತೀವಿ. ಗುಳೀಲಿ ಹೆಪ್ಪುಗಟ್ಟೋ ರಕ್ತಾನೇ ಗಾಯಕ್ಕೆ ಮುಚ್ಚಳ, ಅದು ಕಿತ್ತು ಬಂದ್ರೆ ಮೂಳೆಗೆ ಗಾಳಿ ನೀರು ತಾಗಿ ಪ್ರಾಣ ಹಿಂಡುತ್ತೆ. ಗುಳಿ ತೊಳೆದು ಔಷಧಿ ಪಟ್ಟಿ ಇಟ್ಟೆ, ನೋವು ಇಳೀತು. ತಪ್ಪು ನಂದೂ ಇತ್ತು, ಉಗುಳ್ಬೇಡಿ ಅಂತ ಒಂದೇ ಸಲ ಹೇಳಿದ್ದೆ, ಭಯದಲ್ಲಿ ಕೂತೋರಿಗೆ ಅದೆಲ್ಲಿ ಕೇಳ್ಸುತ್ತೆ, ಈಗ ಜೊತೇಲಿ ಬಂದೋರ್ನೂ ಕೂರಿಸಿ ಹೇಳ್ತೀನಿ.

ನಾವಿಟ್ಟ ಬಟ್ಟೆ ಅರ್ಧ ಮುಕ್ಕಾಲು ಗಂಟೆ ಗಟ್ಟಿಯಾಗಿ ಕಚ್ಚಿಟ್ಕೊಳ್ಳಿ, ಎಂಜಲು ನುಂಗಿ. 24 ಗಂಟೆ ಬಾಯಿ ಮುಕ್ಕಳಿಸೋದು, ಸ್ಟ್ರಾ ಹಾಕಿ ಎಳನೀರು ಹೀರೋದು ಬೇಡ. ಉಪ್ಪಿನ ಬೆಚ್ಚಗಿನ ನೀರು ಮಾರನೇ ದಿನದಿಂದ. ಬೀಡಿ, ಗುಟ್ಕಾ ಮಾತ್ರ ಗಾಯ ಮಾಯೋವರೆಗೂ ಬಿಡ್ಲೇಬೇಕು.

ಎಂಜಲು ಸ್ವಲ್ಪ ಕೆಂಪಾದ್ರೆ ಗಾಬರಿ ಬೇಡ. ರಕ್ತ ಜಾಸ್ತಿ ಬಂದ್ರೆ ನೆಟ್ಟಗೆ ಕೂತು ಶುದ್ಧವಾದ ಒದ್ದೆ ಬಟ್ಟೆ ಮಡಚಿ ಗುಳಿ ಮೇಲಿಟ್ಟು ಅರ್ಧ ಗಂಟೆ ಕಚ್ಚಿ, ನಡುನಡುವೆ ತೆಗೆದು ನೋಡ್ಬೇಡಿ, ಆಗ್ಲೂ ನಿಲ್ದಿದ್ರೆ ಆಸ್ಪತ್ರೆಗೆ ಹೊರಡಿ.

ಹಾರ್ಟಿಗೆ ಅಂತ ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು, ಶುಗರ್ ಇರೋರು, ಮೂಳೆ ಸವೆತಕ್ಕೆ ಇಂಜೆಕ್ಷನ್ ತಗೊಂಡೋರು ಕುರ್ಚಿ ಹತ್ತೋ ಮುಂಚೇನೇ ಚೀಟಿ ತೋರ್ಸಿ. ಹಲ್ಲು ಕೀಳ್ಸಬೇಕು ಅಂತ ಹಾರ್ಟಿನ ಮಾತ್ರೆ ನೀವೇ ನಿಲ್ಲಿಸ್ಬೇಡ್ರಪ್ಪ, ರಕ್ತ ಸೋರಿದ್ರೆ ನಾವು ಹೊಲಿಗೆ ಹಾಕಿ ನಿಲ್ಲಿಸ್ತೀವಿ, ಹಾರ್ಟಿಗೆ ಹೊಡೆದ್ರೆ ನಮ್ಮ ಕೈಲಿರಲ್ಲ.

ಮೇಲಿನ ದವಡೆ ಹಲ್ಲು ಕಿತ್ತ ಮೇಲೆ ಕುಡಿದ ನೀರು ಮೂಗಲ್ಲಿ ಬಂದ್ರೆ ಸೈನಸ್‌ಗೆ, ಅಂದ್ರೆ ಮೂಗಿನ ಪಕ್ಕ ಕೆನ್ನೆ ಮೂಳೆಯೊಳಗಿನ ಗಾಳಿ ಗೂಡಿಗೆ, ತೂತಾಗಿದೆ ಅಂತ, ಮೂಗು ಜೋರಾಗಿ ಸೀದ್ಬೇಡಿ, ಬಂದು ತೋರ್ಸಿ. ಊತ ಕುತ್ತಿಗೆಗೆ ಇಳಿದು ನುಂಗೋಕೆ, ಉಸಿರಾಡೋಕೆ ಕಷ್ಟ ಆಗ್ತಿದ್ರೆ ಬೆಳಗಾಗ್ಲಿ ಅಂತ ಕಾಯ್ಬೇಡಿ, ದಾವಣಗೆರೆಯೋರು ಚಿಗಟೇರಿ ಆಸ್ಪತ್ರೆಗೆ, ಚಿತ್ರದುರ್ಗದೋರು ಅಲ್ಲಿನ ಜಿಲ್ಲಾಸ್ಪತ್ರೆಗೆ ರಾತ್ರೀನೇ ಹೊರಡಿ. ನಮಸ್ಕಾರ.