ಜೋಡಿ ಸಿಗದ ಪೈಲ್ವಾನ

ಕೇಳುಗ ಬಂಧುಗಳಿಗೆ ನಮಸ್ಕಾರ.

ನಮ್ಮ ಬಳ್ಳಾರಿ, ಕೊಪ್ಪಳದ ಕಡೆ ಜಾತ್ರೆಯ ಕುಸ್ತಿ ನೋಡಿದವರಿಗೆ ಇದು ಗೊತ್ತಿರುತ್ತೆ. ಕಣದಲ್ಲಿ ಇಬ್ಬರು ಪೈಲ್ವಾನರು ಮೊದಲು ಕೈ ಮಿಲಾಯಿಸಬೇಕು. ಆಮೇಲೇ ಕುಸ್ತಿ. ಎದುರಿಗೆ ಯಾರೂ ಬರಲಿಲ್ಲ ಅಂದ್ರೆ, ಎಷ್ಟೇ ಗಟ್ಟಿ ಆಳಾದರೂ ಬೆಳ್ಳಿ ಕಡಗ ಇಲ್ಲದೆ ಮನೆಗೆ ಹೋಗಬೇಕು. ಸೋತು ಹೋಗುವುದು ಬೇರೆ, ಜೋಡಿ ಸಿಗದೆ ಹೋಗುವುದು ಬೇರೆ. ನಾನು ಚಿಕ್ಕವನಿದ್ದಾಗ ಕೌಲ್ ಬಜಾರಿನ ಗರಡಿಯಲ್ಲಿ ಒಬ್ಬ ವಸ್ತಾದರು ಈ ಮಾತು ಹೇಳಿ ಕಣ್ಣು ಒರೆಸಿಕೊಂಡಿದ್ದರು. ಅದು ಯಾಕೆ ಅಂತ ನನಗೆ ಅರ್ಥವಾಗಿದ್ದು ಎಷ್ಟೋ ವರ್ಷಗಳ ಮೇಲೆ, ಸ್ಯಾಮ್ ಲ್ಯಾಂಗ್‌ಫರ್ಡ್ ಅನ್ನೋ ಕಪ್ಪು ಬಾಕ್ಸರ್‌ನ ಕತೆ ಓದಿದಾಗ.

ಸ್ಯಾಮ್ ಹುಟ್ಟಿದ್ದು ಕೆನಡಾದ ನೋವಾ ಸ್ಕೋಷಿಯಾದಲ್ಲಿ, ವೇಮತ್ ಫಾಲ್ಸ್ ಅನ್ನೋ ಸಣ್ಣ ಊರಲ್ಲಿ. ಅಪ್ಪನ ಹೊಡೆತ ತಾಳಲಾರದೆ ಹುಡುಗ ವಯಸ್ಸಿನಲ್ಲೇ ಮನೆ ಬಿಟ್ಟ. ಅಮೆರಿಕದ ಬಾಸ್ಟನ್ ಸೇರಿದ. ಅಲ್ಲಿ ಔಷಧಿ ಅಂಗಡಿಯ ಜೋ ವುಡ್‌ಮನ್ ಬಾಕ್ಸಿಂಗ್ ಕ್ಲಬ್ಬನ್ನೂ ನಡೆಸುತ್ತಿದ್ದ. ಅಲ್ಲಿ ಕಸ ಗುಡಿಸುವ ಕೆಲಸ ಸಿಕ್ಕಿತು. ಗುಡಿಸುತ್ತಾ ಗುಡಿಸುತ್ತಾ ಸ್ಯಾಮ್ ಬಾಕ್ಸರ್ ಆದ.

ಆತನ ಎತ್ತರ ಐದೂವರೆ ಅಡಿಯ ಆಸುಪಾಸು. ಆದರೆ ಉದ್ದ ತೋಳು, ಅಗಲ ಹೆಗಲು. 1903ರ ಡಿಸೆಂಬರಿನಲ್ಲಿ ಆತ ಲೈಟ್‌ವೇಟ್, ಅಂದ್ರೆ ಹಗುರ ತೂಕದ ವರ್ಗದ ವಿಶ್ವ ಚಾಂಪಿಯನ್ ಜೋ ಗ್ಯಾನ್ಸ್‌ನನ್ನೇ 15 ಸುತ್ತಿನಲ್ಲಿ ಸೋಲಿಸಿದ. ಆದರೂ ಪಟ್ಟ ಬರಲಿಲ್ಲ. ಸ್ಯಾಮ್‌ನ ತೂಕ ಆ ವರ್ಗದ ಮಿತಿ ದಾಟಿತ್ತು, ಹಾಗಾಗಿ ಪಟ್ಟ ಪಣಕ್ಕಿರಲಿಲ್ಲ. ಮರುವರ್ಷ ಅದಕ್ಕಿಂತ ಭಾರದ ವೆಲ್ಟರ್‌ವೇಟ್ ವರ್ಗದ ಪಟ್ಟಕ್ಕಾಗಿ ಆಗಿನ ಚಾಂಪಿಯನ್ ಜೋ ವಾಲ್ಕಾಟ್ ಜೊತೆ ಆಡಿದ. ಪಂದ್ಯ ಸಮ ಆಯಿತು. ಸಮ ಆದರೆ ಪಟ್ಟ ಹಳಬನದೇ ಅಲ್ವಾ?

ಇನ್ನು 1906. ಎದುರಿಗೆ ಜ್ಯಾಕ್ ಜಾನ್ಸನ್, ಆರಡಿ ಆಳು. ತೂಕದಲ್ಲಿ ಹತ್ತು ಕಿಲೋಗಿಂತ ಜಾಸ್ತಿ ವ್ಯತ್ಯಾಸ. ಸ್ಯಾಮ್ ಕೆಳಗೆ ಬಿದ್ದ, ಎದ್ದ, 15 ಸುತ್ತೂ ನಿಂತ. ಗೆದ್ದಿದ್ದು ಜಾನ್ಸನ್, ಅದರಲ್ಲಿ ಅನುಮಾನವಿಲ್ಲ. ಎರಡು ವರ್ಷದ ಮೇಲೆ ಅದೇ ಜಾನ್ಸನ್ ಸಿಡ್ನಿಯಲ್ಲಿ ಹೆವಿವೇಟ್, ಅಂದ್ರೆ ಎಲ್ಲಕ್ಕಿಂತ ಭಾರದ ವರ್ಗದ ವಿಶ್ವ ಚಾಂಪಿಯನ್ ಆದ, ಆ ಪಟ್ಟ ಗೆದ್ದ ಮೊದಲ ಕಪ್ಪು ಮನುಷ್ಯ. ಅಷ್ಟು ಹೊತ್ತಿಗೆ ಸ್ಯಾಮ್ ಮೈ ತುಂಬಿಕೊಂಡಿದ್ದ, ಕೈ ಪಳಗಿತ್ತು. ವರ್ಷಗಟ್ಟಲೆ ಮತ್ತೊಂದು ಪಂದ್ಯ ಕೇಳಿದ. ಪಟ್ಟ ಕೈಯಲ್ಲಿದ್ದ ಅಷ್ಟೂ ವರ್ಷ ಜಾನ್ಸನ್ ಒಪ್ಪಲೇ ಇಲ್ಲ. ಬಿಳಿಯರ ಜೊತೆ ಆಡಿದರೆ ಟಿಕೆಟ್ ದುಡ್ಡು ಜಾಸ್ತಿ, ಸ್ಯಾಮ್ ಜೊತೆ ಆಡಿದರೆ ಅಪಾಯ ಜಾಸ್ತಿ. ಜಾನ್ಸನ್ ಸ್ವತಃ ಎಷ್ಟು ಅವಮಾನ ಉಂಡವನು ಅನ್ನೋದು ನನಗೆ ಗೊತ್ತು. ಆದರೂ ಈ ಒಂದು ವಿಷಯದಲ್ಲಿ ಆತನನ್ನು ಕ್ಷಮಿಸಲು ನನಗೆ ಆಗುವುದಿಲ್ಲ.

1915ರಲ್ಲಿ ಪಟ್ಟ ಬಿಳಿಯ ಜೆಸ್ ವಿಲರ್ಡ್ ಕೈಗೆ ಹೋಯಿತು. ಆಮೇಲೆ ಬಾಗಿಲು ಪೂರ್ತಿ ಮುಚ್ಚಿತು. ಮತ್ತೊಬ್ಬ ಕಪ್ಪು ಬಾಕ್ಸರ್‌ಗೆ ಆ ಪಟ್ಟ ಸಿಕ್ಕಿದ್ದು 1937ರಲ್ಲಿ, ಜೋ ಲೂಯಿಸ್‌ಗೆ. ಮುಂದೆ ಚಾಂಪಿಯನ್ ಆದ ಜ್ಯಾಕ್ ಡೆಂಪ್ಸಿ, ತಾನು ಹೆದರಿದ್ದು ಸ್ಯಾಮ್‌ಗೆ ಅಂತ ಆಮೇಲೆ ತಾನೇ ಬರೆದುಕೊಂಡ.

ಕಪ್ಪು ಜನರಿಗೆ ಅಂತಲೇ ಬೇರೆ ಒಂದು ಹೆವಿವೇಟ್ ಪಟ್ಟ ಇತ್ತು. ಅದನ್ನು ಸ್ಯಾಮ್ ಹಲವು ಸಲ ಗೆದ್ದ. ನಮ್ಮ ಹಳ್ಳಿಗಳ ಚಹಾದಂಗಡಿಯಲ್ಲಿ ಕೆಲವರಿಗೆ ಅಂತ ಹೊರಗೆ ಬೇರೆ ಲೋಟ ಇಡುತ್ತಿದ್ದರಲ್ಲ, ಹಾಗೆ ಆ ಪಟ್ಟ. ಒಳಗೆ ಬಿಡದಿದ್ದ ಮೇಲೆ ಹೊರಗಿದ್ದವರೇ ಒಬ್ಬರಿಗೊಬ್ಬರು ಜೋಡಿ. ಹ್ಯಾರಿ ವಿಲ್ಸ್ ಒಬ್ಬನ ಜೊತೆಗೇ ಸ್ಯಾಮ್ ಹದಿನೈದಕ್ಕೂ ಹೆಚ್ಚು ಸಲ ಆಡಿದ. ಸ್ಯಾಮ್‌ನ ದಾಖಲಾದ ಪಂದ್ಯಗಳೇ 250ಕ್ಕಿಂತ ಜಾಸ್ತಿ. ಆಗಿನ ಪತ್ರಿಕೆಗಳು ಆತನ ಬಣ್ಣ ಹಿಡಿದು ಒಂದು ಅಡ್ಡಹೆಸರು ಇಟ್ಟಿದ್ದವು. ಅದನ್ನು ನನ್ನ ಬಾಯಿಂದ ಹೇಳಲಾರೆ.

1917ರಲ್ಲಿ ಫ್ರೆಡ್ ಫುಲ್ಟನ್ ಜೊತೆಗಿನ ಪಂದ್ಯದಲ್ಲಿ ಒಂದು ಕಣ್ಣಿಗೆ ಬಲವಾದ ಪೆಟ್ಟು ಬಿತ್ತು. ನಿಧಾನಕ್ಕೆ ಇನ್ನೊಂದೂ ಮಂಜಾಯಿತು. ಹೊಟ್ಟೆಪಾಡು, ಆಟ ಬಿಡುವ ಹಾಗಿರಲಿಲ್ಲ. ಎದುರಾಳಿ ಮೈಗೆ ಮೈ ತಾಗುವಷ್ಟು ಹತ್ತಿರ ಬಂದರೆ ಸಾಕು, ಕೈ ತಾನೇ ದಾರಿ ಹುಡುಕುತ್ತಿತ್ತು. 1922ರಲ್ಲಿ, ಹೆಚ್ಚುಕಡಿಮೆ ಕುರುಡನಾಗಿದ್ದಾಗ, ಟೈಗರ್ ಫ್ಲವರ್ಸ್‌ನನ್ನು ಎರಡನೇ ಸುತ್ತಿನಲ್ಲೇ ಮಲಗಿಸಿದ. ಆ ಫ್ಲವರ್ಸ್ ಸುಮ್ನೆ ಯಾರೋ ಅಲ್ಲ. 1926ರಲ್ಲಿ ಮಿಡಲ್‌ವೇಟ್ ವಿಶ್ವ ಚಾಂಪಿಯನ್ ಆದವನು.

ಆಮೇಲೆ ಸ್ಯಾಮ್‌ನನ್ನು ಜನ ಮರೆತರು. 1944ರಲ್ಲಿ ಆಲ್ ಲೇನಿ ಅನ್ನೋ ಪತ್ರಕರ್ತ ಹುಡುಕಿಕೊಂಡು ಹೊರಟಾಗ, ಆತ ಸತ್ತು ಎಷ್ಟೋ ದಿನ ಆಯಿತು ಅಂತ ಹೇಳಿದವರೂ ಇದ್ದರು. ಸಿಕ್ಕಿದ್ದು ನ್ಯೂಯಾರ್ಕಿನ ಹಾರ್ಲೆಮ್‌ನ ಒಂದು ಕತ್ತಲೆ ಕೋಣೆಯಲ್ಲಿ, ಕಣ್ಣಿಲ್ಲದೆ, ಕೈಯಲ್ಲಿ ಬಿಡಿಗಾಸು ಇಟ್ಟುಕೊಂಡು. ಸುದ್ದಿ ಓದಿದ ಜನ ಹಣ ಕೂಡಿಸಿದರು. ಕೊನೆಗಾಲ ಅಷ್ಟು ಕಷ್ಟವಾಗಲಿಲ್ಲ. 1956ರ ಜನವರಿ 12ರಂದು ಸ್ಯಾಮ್ ತೀರಿಕೊಂಡ.

ಈಗ ನಮ್ಮ ತೋರಣಗಲ್ಲಿನ ಹತ್ತಿರವೇ ದೊಡ್ಡ ಕ್ರೀಡಾ ಸಂಸ್ಥೆ ಇದೆ, ದೇಶದ ಮೂಲೆ ಮೂಲೆಯ ಮಕ್ಕಳು ಬಂದು ಬಾಕ್ಸಿಂಗ್ ಕಲಿಯುತ್ತಾರೆ. ಅದನ್ನು ನೋಡಿ ನಮ್ಮ ಓಣಿಯ ಹುಡುಗರೂ ಬೇವಿನ ಮರಕ್ಕೆ ಮರಳಿನ ಗೋಣಿಚೀಲ ಕಟ್ಟಿಕೊಂಡಿದ್ದಾರೆ. ಹೋದ ವಾರ ಅವರಿಗೆ ಈ ಕತೆ ಹೇಳಿದೆ. ಒಬ್ಬ ಹುಡುಗ ಏನೂ ಮಾತಾಡಲಿಲ್ಲ. ಎದ್ದು ಹೋಗಿ, ಕಣ್ಣಿಗೆ ಟವೆಲ್ ಕಟ್ಟಿಕೊಂಡು ಚೀಲಕ್ಕೆ ಒಂದು ಗುದ್ದು ಬಿಟ್ಟ. ತಪ್ಪಿತು. ಎಡಗೈ ಚಾಚಿ ಚೀಲ ಎಲ್ಲಿದೆ ಅಂತ ಮುಟ್ಟಿ ನೋಡಿದ. ಒಂದು ಹೆಜ್ಜೆ ಹತ್ತಿರ ಹೋದ. ಮತ್ತೆ ಹೊಡೆದ.

ನಮಸ್ಕಾರ.